ಗಡಿಯಾರ ನೋಡಿ ಡಿಫೆನ್ಸಿವ್ ಲೈನ್ ಆರಿಸಬೇಡಿ

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್‌ನ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಕುರಿತು ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿ ಸಂತೋಷವಾಯಿತು. ಹಾಕಿ ಬಿಟ್ಟರೆ ಬೇರೆ ಆಟದ ಸುದ್ದಿ ಕೊಡಗಿನಲ್ಲಿ ಯಾರೂ ಓದುವುದಿಲ್ಲ ಎಂಬ ಮಾತು ಹಳೆಯದಾಯಿತು. ವಿರಾಜಪೇಟೆ, ಗೋಣಿಕೊಪ್ಪಲಿನ ಕಾಲೇಜು ಹುಡುಗರು ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಪಂದ್ಯದ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿ ಗಂಟೆಗಟ್ಟಲೆ ವಾದಿಸುತ್ತಾರೆ. ಆದರೆ ಡಿಫೆನ್ಸಿವ್ ಲೈನಿನ, ಅಂದರೆ ಎದುರು ತಂಡದ ದಾಳಿ ತಡೆಯಲು ಮುಂದಿನ ಸಾಲಿನಲ್ಲಿ ನಿಲ್ಲುವ ಆಟಗಾರರನ್ನು ಆ ಬರಹ ಅಳೆದದ್ದು ಎರಡೇ ಅಂಕಿಯಿಂದ: ದೇಹದ ತೂಕ, 40 ಗಜದ ಓಟದ ಸಮಯ. ಈ ಲೆಕ್ಕವನ್ನೇ ನಂಬಿ ಕೈಸುಟ್ಟುಕೊಂಡ ತಂಡಗಳು ಅಮೆರಿಕದಲ್ಲೇ ಹಲವಿವೆ. ನಮ್ಮ ಜಿಲ್ಲೆಯ ಆಯ್ಕೆ ಶಿಬಿರಗಳಲ್ಲೂ ಇಂಥದೇ ಅಭ್ಯಾಸ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಫೆಬ್ರುವರಿ ಕೊನೆಯ ಹೊತ್ತಿಗೆ ಇಂಡಿಯಾನಾಪೊಲಿಸ್‌ನಲ್ಲಿ ‘ಕಂಬೈನ್’ ನಡೆಯುತ್ತದೆ. ಕಾಲೇಜು ಮುಗಿಸಿ ಬಂದವರನ್ನು 32 ತಂಡಗಳವರೂ ಒಂದೇ ಕಡೆ ಕುಳಿತು ಪರೀಕ್ಷಿಸುತ್ತಾರೆ. ಏಪ್ರಿಲ್‌ನಲ್ಲಿ ಏಳು ಸುತ್ತಿನ ಡ್ರಾಫ್ಟ್. ಕಂಬೈನ್‌ನಲ್ಲಿ 40 ಗಜ, ಅಂದರೆ ಸುಮಾರು 36.6 ಮೀಟರ್ ಓಡಿಸುತ್ತಾರೆ. ಹೊರಡುವಾಗ ಪಿಸ್ತೂಲಿನ ಸದ್ದಿಲ್ಲ, ಸೀಟಿಯಿಲ್ಲ. ಹುಡುಗ ತನಗೆ ಬೇಕೆನಿಸಿದಾಗ ಹೊರಡುತ್ತಾನೆ, ಅವನು ಕದಲಿದ ಮೇಲೆ ಗಡಿಯಾರ ಶುರು. ಡಿಫೆನ್ಸಿವ್ ಲೈನಿನವನ ಮೊದಲ ಕೆಲಸವೇ ಎದುರಿನವರ ಚೆಂಡು ಅಲುಗಿದ ಕ್ಷಣಕ್ಕೆ ಸಿಡಿಯುವುದು. ಆ ಸಿಡಿತವನ್ನು ಈ ಪರೀಕ್ಷೆ ಅಳೆಯುವುದೇ ಇಲ್ಲ. ನಮ್ಮ ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ತಡೆಯಲು ಗೋಲಿನಿಂದ ಮೊದಲು ನುಗ್ಗುವವನನ್ನು ನೆನೆಸಿಕೊಳ್ಳಿ: ಗೆರೆಯಿಂದ ಚೆಂಡು ತಳ್ಳಿದ ಗಳಿಗೆಗೆ ಹೊರಟರೆ ಮಾತ್ರ ಅವನಿಂದ ಪ್ರಯೋಜನ. ಅವನ ನೂರು ಮೀಟರ್ ಓಟದ ಸಮಯವನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಈ ಲೈನಿನವನು ಪಂದ್ಯದಲ್ಲಿ 40 ಗಜ ನೇರವಾಗಿ ಓಡುವ ಸಂದರ್ಭವೇ ಅಪರೂಪ. ಹಾಗಾಗಿ ಬಲ್ಲವರು ಅದೇ ಓಟದಲ್ಲಿ ಮೊದಲ 10 ಗಜದ ಸಮಯವನ್ನು ಪ್ರತ್ಯೇಕವಾಗಿ ನೋಡುತ್ತಾರೆ. ಅಂಚಿನಿಂದ ನುಗ್ಗುವವನಿಗೆ 1.6 ಸೆಕೆಂಡ್, ಒಳಗೆ ಆಡುವ ಭಾರಿ ಆಳಿಗೆ 1.7ರ ಆಸುಪಾಸು ಇದ್ದರೆ ಒಳ್ಳೆಯದೆಂದೇ ಎಣಿಕೆ. ಅಂಚಿನವನಿಗೆ ಇನ್ನೂ ಮುಖ್ಯವಾದದ್ದು ಮೂರು ಕೋನ್‌ಗಳ ಓಟ. 5 ಗಜಕ್ಕೊಂದರಂತೆ ‘ಎಲ್’ ಆಕಾರದಲ್ಲಿ ಕೋನ್ ಇಟ್ಟು ತಿರುಗಿಸುತ್ತಾರೆ, 7 ಸೆಕೆಂಡಿನೊಳಗೆ ಮುಗಿಸಿದರೆ ಸೊಂಟ ಬಾಗುತ್ತದೆ ಎಂದರ್ಥ. ಎದುರಿನ ಟ್ಯಾಕಲ್‌ನ (ಎದುರು ಸಾಲಿನ ಅಂಚು ಕಾಯುವವನ) ಹೊರಗಿನಿಂದ ಸುತ್ತಿ, ಒಳಭುಜ ತಗ್ಗಿಸಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆಗೆ ವೇಗ ಕಳೆದುಕೊಳ್ಳದೆ ತಿರುಗುವುದು ಆ ಬಾಗುವಿಕೆಯಿಂದ. 102 ಕೆ.ಜಿ. ಭಾರವನ್ನು ಮಲಗಿ ಎಷ್ಟು ಸಲ ಎತ್ತಿದ ಎಂಬ ಬೆಂಚ್ ಪ್ರೆಸ್ ಲೆಕ್ಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಬೆನ್ನು ಬೆಂಚಿಗೆ ಒರಗಿರುವಾಗಿನ ಬಲ ಬೇರೆ, ಕಾಲೂರಿ ನಿಂತು ತಳ್ಳುವ ಬಲ ಬೇರೆ.

ವರ್ನನ್ ಗೋಲ್‌ಸ್ಟನ್ 2008ರ ಕಂಬೈನ್‌ನಲ್ಲಿ ಆ ಭಾರವನ್ನು 37 ಸಲ ಎತ್ತಿದ, ಓಟದಲ್ಲೂ ಮಿಂಚಿದ. ನ್ಯೂಯಾರ್ಕ್ ಜೆಟ್ಸ್ ಆರನೆಯವನಾಗಿ ಆರಿಸಿಕೊಂಡಿತು. ಮೂರು ಸೀಸನ್ ಆಡಿ ಒಂದೇ ಒಂದು ಸ್ಯಾಕ್ ಮಾಡಲಿಲ್ಲ. ಅಂದರೆ ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್‌ನನ್ನು ಒಮ್ಮೆಯೂ ಕೆಡವಲಿಲ್ಲ. ಅತ್ತ ಟೆರೆಲ್ ಸಗ್ಸ್ 2002ರಲ್ಲಿ ಅರಿಜೋನಾ ಸ್ಟೇಟ್ ಪರ 24 ಸ್ಯಾಕ್ ಮಾಡಿದ್ದ ಹುಡುಗ, ಡ್ರಾಫ್ಟ್‌ಗೆ ಮುಂಚೆ ಓಡಿ ತೋರಿಸುವಾಗ ನಿಧಾನವಾದ. ಹತ್ತನೆಯವನಾಗಿ ಬಾಲ್ಟಿಮೋರ್ ತಂಡಕ್ಕೆ ಹೋಗಿ, ವೃತ್ತಿಜೀವನ ಮುಗಿಸುವಾಗ ಅವನ ಹೆಸರಿನಲ್ಲಿ 139 ಸ್ಯಾಕ್‌ಗಳಿದ್ದವು. ಆರನ್ ಡೊನಾಲ್ಡ್‌ನ ವಿಷಯವೂ ಗೊತ್ತಿರಬೇಕಾದದ್ದು. ಓಟ, ಬಲ ಎರಡರಲ್ಲೂ ಅವನು ಮೇಲಿದ್ದ. ಆದರೆ 6 ಅಡಿ 1 ಇಂಚು, ಸುಮಾರು 129 ಕೆ.ಜಿ.; ಒಳಗೆ ಆಡಲು ಆಳು ಚಿಕ್ಕವನಾದ ಎಂಬ ಅನುಮಾನದಲ್ಲಿ 2014ರಲ್ಲಿ 13ನೆಯ ಸ್ಥಾನದವರೆಗೆ ಜಾರಿದ. ಮುಂದೆ 2017, 2018, 2020ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರ ಅವನೇ. ಆಳು ಗಿಡ್ಡವಾದಷ್ಟೂ ಎದುರಾಳಿಯ ಎದೆಯ ಕೆಳಗೆ ನುಗ್ಗುವುದು ಸುಲಭ ಎಂಬುದನ್ನು ತೂಕದ ಪಟ್ಟಿ ಹೇಳುವುದಿಲ್ಲ.

ಹಾಗಾದರೆ ಏನು ನೋಡಬೇಕು? ಮೊದಲು ಹುಡುಗ ಎಲ್ಲಿ ನಿಲ್ಲುತ್ತಾನೆ ಎಂದು ಕೇಳಬೇಕು. ಎದುರು ಸಾಲಿನ ನಡುವಿನ ಸೆಂಟರ್‌ನ ಮೂಗಿನ ನೇರಕ್ಕೆ ನಿಲ್ಲುವವನು, ಸೆಂಟರ್‌ನ ಪಕ್ಕದ ಗಾರ್ಡ್‌ನ ಹೊರಭುಜಕ್ಕೆ ನಿಲ್ಲುವ ‘3 ಟೆಕ್ನಿಕ್’, ಟ್ಯಾಕಲ್‌ನ ಹೊರಭುಜಕ್ಕೆ ನಿಲ್ಲುವ ‘5 ಟೆಕ್ನಿಕ್’, ಅದಕ್ಕೂ ಆಚೆಯ ಅಂಚಿನವನು, ಇವರ ಕೆಲಸ ಒಂದೇ ಅಲ್ಲ. ಮಧ್ಯದವನು ಇಬ್ಬರನ್ನು ಹೊತ್ತುಕೊಂಡು ಎದುರು ಸಾಲಿನವರ ನಡುವಿನ ಎರಡು ಸಂದಿ ಕಾಯಬೇಕಾಗಬಹುದು. 3 ಟೆಕ್ನಿಕ್‌ನವನು ಒಂದೇ ಸಂದಿ ಹಿಡಿದು ನುಗ್ಗುತ್ತಾನೆ. 2022ರಲ್ಲಿ ಫಿಲಡೆಲ್ಫಿಯಾ ಆರಿಸಿದ ಜೋರ್ಡನ್ ಡೇವಿಸ್ ಸುಮಾರು 155 ಕೆ.ಜಿ. ತೂಗಿಯೂ 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದ. ಎಲ್ಲರೂ ಬಾಯಿ ಬಿಟ್ಟು ನೋಡಿದರು. ಆದರೂ ಅವನನ್ನು ಆರಿಸಿದ್ದು ಮುಖ್ಯವಾಗಿ ಚೆಂಡು ಹಿಡಿದು ಮಧ್ಯದಲ್ಲಿ ಓಡಿಬರುವವರನ್ನು ತಡೆಯಲು. ಅವನ ಸ್ಯಾಕ್ ಎಣಿಸಿ ‘ಸೋತ’ ಎಂದು ಬರೆದರೆ ಅನ್ಯಾಯ.

ಆಮೇಲೆ ವಿಡಿಯೊ. ಟಿವಿಯ ಪ್ರಸಾರ ಸಾಲದು, ಅದು ಚೆಂಡಿನ ಹಿಂದೆ ಹೋಗುತ್ತದೆ. ಮೈದಾನದ ತುದಿಯಿಂದ ಲೈನಿನ ನೇರಕ್ಕೆ ತೆಗೆದ ಚಿತ್ರ ಬೇಕು, ಕೈಯ ಕೆಲಸ ಕಾಣುವುದು ಅದರಲ್ಲೇ. ಕನಿಷ್ಠ ಮೂರು ನಾಲ್ಕು ಪಂದ್ಯ, ಅದರಲ್ಲೊಂದು ಅವನು ಒಳ್ಳೆಯ ಟ್ಯಾಕಲ್ ಎದುರು ಸೋತದ್ದಾಗಿರಬೇಕು. ಪ್ರತಿ ಆಟವನ್ನೂ ಮೂರು ಸಲ ನೋಡಿ. ಮೊದಲ ಸಲ ಕಾಲು: ಚೆಂಡು ಅಲುಗಿದಾಗ ಮುಂದಿನ ಕಾಲು ಹೊರಟಿತೋ, ಇಲ್ಲವೇ ಹಿಂದಕ್ಕೊಂದು ಸುಳ್ಳು ಹೆಜ್ಜೆ ಇಟ್ಟು ಆಮೇಲೆ ಮುಂದೆ ಬಂದನೋ? ಎರಡನೆಯ ಸಲ ಕೈ: ಹೆಬ್ಬೆರಳು ಮೇಲಾಗಿ, ಮೊಣಕೈ ಪಕ್ಕೆಗೆ ಹತ್ತಿರವಾಗಿ, ಎದುರಾಳಿಯ ಎದೆಯ ಒಳಭಾಗಕ್ಕೆ ಮೊದಲು ತಾಗಿದ ಕೈ ಯಾರದು? ಮೂರನೆಯ ಸಲ ಮುಕ್ತಾಯ: ಮೊದಲ ಪಟ್ಟು ಕೆಲಸ ಮಾಡದಿದ್ದಾಗ ಎರಡನೆಯದು ಇದೆಯೇ, ಇಲ್ಲ ಎದೆಗೆ ಎದೆ ಕೊಟ್ಟು ನಿಂತುಬಿಟ್ಟನೇ?

ಇಲ್ಲಿ ಅತಿ ಸಾಮಾನ್ಯವಾದ ದೋಷ ಹೊರಟ ಕೂಡಲೇ ತಲೆ ಎತ್ತುವುದು. ತಲೆ ಎತ್ತಿದರೆ ಎದೆ ತೆರೆದುಕೊಳ್ಳುತ್ತದೆ, ಕೈ ತಡವಾಗುತ್ತದೆ, ಎದುರಾಳಿ ಒಳಗೆ ಕೈ ಹಾಕಿ ಎತ್ತಿ ಹಿಡಿಯುತ್ತಾನೆ. ಬಹಳ ಸಲ ಮೂಲ ಇರುವುದು ನಿಲುವಿನಲ್ಲೇ. ಸೊಂಟ ಕೆಳಗೆ ಕೂತು ಭಾರ ಹಿಮ್ಮಡಿಗೆ ಹೋಗಿದ್ದರೆ ಮುಂದೆ ಸಾಗಲು ಮೊದಲು ಮೇಲೆ ಏಳಲೇಬೇಕು. ಇದು ತಿದ್ದಬಹುದಾದ ದೋಷ. ಗಿಡ್ಡ ತೋಳನ್ನು ತಿದ್ದಲಾಗದು. ಭುಜದಿಂದ ನಡುಬೆರಳ ತುದಿಗೆ 33 ಇಂಚು, ಅಂದರೆ ಸುಮಾರು 84 ಸೆಂ.ಮೀ. ಇರಲಿ ಎಂದು ಅಂಚಿನವರ ಬಗ್ಗೆ ಬಯಸುವುದು, ಎದುರಾಳಿ ಮುಟ್ಟುವ ಮೊದಲು ತಾನು ಮುಟ್ಟಲಿ ಎಂದು. ಇಬ್ಬರು ಸೇರಿ ತಳ್ಳುವಾಗ ಭುಜ ಓರೆಯಾಗುತ್ತದೆಯೇ ಎಂಬುದನ್ನೂ ಗಮನಿಸಿ. ಭುಜ ಓರೆಯಾಯಿತೆಂದರೆ ಬೆಂಬಲದ ಕಾಲು ತಪ್ಪಿ ಸಂದಿ ತೆರೆದಂತೆಯೇ.

ಸ್ಯಾಕ್‌ಗಳನ್ನು ಎಣಿಸದೆ ಒಂದೊಂದಾಗಿ ಬಿಡಿಸಿ ನೋಡಬೇಕು. ಯಾರೂ ತಡೆಯದೆ ಬಿಟ್ಟಾಗ ಸಿಕ್ಕಿದ್ದು, ಸ್ನೇಹಿತ ಓಡಿಸಿದ ಕ್ವಾರ್ಟರ್‌ಬ್ಯಾಕ್ ಮಡಿಲಿಗೆ ಬಂದು ಬಿದ್ದದ್ದು, ಹಿಂದೆ ನಿಂತ ತನ್ನ ತಂಡದವರು ಎಸೆತ ಹಿಡಿಯುವವರೆಲ್ಲರನ್ನೂ ಮುಚ್ಚಿದ್ದರಿಂದ ನಾಲ್ಕೈದು ಸೆಕೆಂಡ್ ಸಿಕ್ಕಿದ್ದು, ಇವನ್ನು ಪಕ್ಕಕ್ಕಿಡಿ. ವೃತ್ತಿಪರ ಲೀಗಿನಲ್ಲಿ ಚೆಂಡು ಬಹುಪಾಲು ಮೂರು ಸೆಕೆಂಡಿನೊಳಗೆ ಕೈ ಬಿಡುತ್ತದೆ. ಅಷ್ಟರೊಳಗೆ ತನ್ನ ಎದುರಾಳಿಯನ್ನು ತಾನೇ ದಾಟಿ, ಕೆಡವಲಾಗದಿದ್ದರೂ ಎಸೆತ ಕೆಡಿಸಿದ ಸಲಗಳನ್ನು ಎಣಿಸಿ. ಒಂಟಿಯಾಗಿ ಎದುರುಬದುರು ನಿಲ್ಲಿಸುವ ಅಭ್ಯಾಸದ ತುಣುಕುಗಳು ಅಂತರ್ಜಾಲದಲ್ಲಿ ಜನಪ್ರಿಯ, ಆದರೆ ಅಲ್ಲಿ ಪಕ್ಕದಿಂದ ಸಹಾಯಕ್ಕೆ ಬರುವ ಗಾರ್ಡ್ ಇಲ್ಲ, ಓಟದ ಆಟ ಬಂದೀತೆಂಬ ಅನುಮಾನವೂ ಇಲ್ಲ. ನುಗ್ಗುವವನಿಗೇ ಅನುಕೂಲವಾದ ಪಂದ್ಯ ಅದು. ಕೊನೆಯ ಕಾಲುಭಾಗದ ಆಟವನ್ನು ಬಿಡದೆ ನೋಡಿ, 130 ಕೆ.ಜಿ. ಮೈಯ ದಣಿವು ಮೊದಲು ಕಾಣುವುದು ಸೊಂಟದ ಎತ್ತರದಲ್ಲಿ.

ನಮ್ಮೂರಿಗೆ ಬರುತ್ತೇನೆ. ನೈಜೀರಿಯಾದಲ್ಲಿ ಹುಟ್ಟಿ ಲಂಡನ್‌ನಲ್ಲಿ ಬೆಳೆದ ಎಫೆ ಒಬಾಡಾ, ಲೀಗ್ 2017ರಲ್ಲಿ ಶುರು ಮಾಡಿದ ಅಂತರರಾಷ್ಟ್ರೀಯ ಆಟಗಾರರ ಯೋಜನೆಯ ಮೂಲಕ ಕೆರೊಲಿನಾ ತಂಡದ ಡಿಫೆನ್ಸಿವ್ ಲೈನಿಗೆ ಸೇರಿದ. ಅದನ್ನು ಓದಿ ನಮ್ಮ ದೊಡ್ಡ ಮೈಕಟ್ಟಿನ ಹುಡುಗರಿಗೂ ಆಸೆ ಹುಟ್ಟಿದರೆ ತಪ್ಪಿಲ್ಲ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬರುವುದು ಐವರ ಫ್ಲ್ಯಾಗ್ ಫುಟ್‌ಬಾಲ್. ಅದರಲ್ಲಿ ಮೈಗೆ ಮೈ ತಾಗಿಸಿ ತಳ್ಳುವ ಲೈನ್ ಇಲ್ಲ ಎಂಬುದನ್ನು ಮಾತ್ರ ಅವರಿಗೆ ಮೊದಲೇ ತಿಳಿಸಬೇಕು. ಕೈಲ್‌ಪೊಳ್ದ್, ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಹಗ್ಗಜಗ್ಗಾಟದ ಆಳುಗಳನ್ನು ನೋಡಿ ‘ಇವರೇ ಸರಿ’ ಎನ್ನುವವರಿದ್ದಾರೆ. ಅವರ ಸೊಂಟ ತಗ್ಗಿರುತ್ತದೆ, ಕಾಲಿನ ಬಲ ದೊಡ್ಡದು, ನಿಜ. ಆದರೆ ಹಗ್ಗ ಎಳೆಯುವವನ ಭಾರ ಹಿಮ್ಮಡಿಯ ಮೇಲೆ, ಹಿಂದಕ್ಕೆ. ಲೈನಿನವನದು ಮುಂಗಾಲಿನ ಮೇಲೆ, ಮುಂದಕ್ಕೆ. ಆ ರೂಢಿ ಬಿಡಿಸಲು ತಾಳ್ಮೆ ಬೇಕು.

ಆಟ ಯಾವುದೇ ಇರಲಿ, ಎದುರಾಳಿಯ ಮೇಲೆ ಮುಗಿಬೀಳುವ ಜಾಗಕ್ಕೆ ಹುಡುಗರನ್ನು ಆರಿಸುವ ಶಿಬಿರದವರು ಒಂದು ಸರಳ ಪರೀಕ್ಷೆ ಮಾಡಬಹುದು. ಕೋಲಿನ ತುದಿಗೆ ಚೆಂಡು ಕಟ್ಟಿ ನೆಲದ ಮೇಲಿಡಿ, ಹುಡುಗ ಒಂದು ಕೈ ನೆಲಕ್ಕೂರಿ ಚೆಂಡನ್ನೇ ನೋಡುತ್ತ ನಿಲ್ಲಲಿ. ಒಬ್ಬರು ಕ್ವಾರ್ಟರ್‌ಬ್ಯಾಕ್ ಕೂಗುವಂತೆ ಬಾಯಲ್ಲಿ ಸುಮ್ಮನೆ ‘ಹಟ್, ಹಟ್’ ಎಂದು ಕೂಗುತ್ತಿರಲಿ, ಇನ್ನೊಬ್ಬರು ತಮಗಿಷ್ಟ ಬಂದಾಗ ಕೋಲು ಎಳೆಯಲಿ. ಕೂಗಿಗೆ ಹೊರಟವನು ತಪ್ಪಿದ. ಚೆಂಡಿಗೆ ಹೊರಟವನ ಮೊದಲ ಮೂರು ಹೆಜ್ಜೆಯನ್ನು ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲಿ ಪಕ್ಕದಿಂದ ತೆಗೆಯಿರಿ, ಕ್ಯಾಮೆರಾ ಸೊಂಟದ ಎತ್ತರದಲ್ಲಿರಲಿ. ಆರು ಸಲ ಮಾಡಿಸಿ, ಚೆನ್ನಾಗಿ ದಣಿಸಿ ಇನ್ನಾರು ಸಲ ಮಾಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮಳೆಗಾಲದಲ್ಲಿ ಒದ್ದೆ ಹುಲ್ಲಿನ ಮೇಲೆ ತೆಗೆದುದನ್ನು ಒಣ ನೆಲದ್ದಕ್ಕೆ ಹೋಲಿಸಬೇಡಿ, ಕಾಲು ಜಾರುವುದರಿಂದ ಒಳ್ಳೆಯವನೂ ಮೇಲೇಳುತ್ತಾನೆ.

ಮುಂದಿನ ಡ್ರಾಫ್ಟ್ ಬಗ್ಗೆ ನಿಮ್ಮ ಪತ್ರಿಕೆ ಬರೆಯುವಾಗ ತೂಕದ ಪಕ್ಕದಲ್ಲಿ ಆಡುವ ಜಾಗ, ತೋಳಿನ ಉದ್ದ, ಮೊದಲ 10 ಗಜದ ಸಮಯ, ಈ ಮೂರನ್ನೂ ಕೊಡಬೇಕೆಂದು ಕೋರುತ್ತೇನೆ. ಕಂಬೈನ್ ಮುಗಿದ ಮೇಲೆ ಇವೆಲ್ಲ ಬಹಿರಂಗವಾಗಿಯೇ ಸಿಗುತ್ತವೆ.

— ದೈಹಿಕ ಶಿಕ್ಷಣ ಶಿಕ್ಷಕ, ವಿರಾಜಪೇಟೆ