ಜಪ್ತಿಯ ತೂಕವಷ್ಟೇ ಸಾಲದು, ಕ್ಯಾಶುಯಲ್ಟಿಯ ರಿಜಿಸ್ಟರ್ ನೋಡಿ

ಮಾನ್ಯ ಸಂಪಾದಕರೇ,

ಮಾದಕವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಕಾಲೇಜು ಮಕ್ಕಳ ಜಾಥಾ, ಪ್ರತಿಜ್ಞಾವಿಧಿ, ಮರುದಿನ ಪತ್ರಿಕೆಯಲ್ಲಿ ಗಾಂಜಾ ಮೂಟೆಗಳ ಫೋಟೊ. ಇದು ಗಾಂಜಾ ಕಾಲದ ಲೆಕ್ಕ. ಮೂಟೆ ಕಣ್ಣಿಗೆ ಬೀಳುತ್ತದೆ, ವಾಸನೆ ಹೊಡೆಯುತ್ತದೆ, ತಕ್ಕಡಿಗೆ ಹಾಕಬಹುದು. ರಾಸಾಯನಿಕಗಳಿಂದ ತಯಾರಿಸುವ ಸಿಂಥೆಟಿಕ್ ಡ್ರಗ್ಸ್ ಹಾಗಲ್ಲ. ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆಯಡಿ, ಅತಿ ಕಠಿಣ ಶಿಕ್ಷೆ ಬೀಳುವ 'ವಾಣಿಜ್ಯ ಪ್ರಮಾಣ' ಗಾಂಜಾಕ್ಕೆ 20 ಕಿಲೊ, ಎಂಡಿಎಂಎಯದು 10 ಗ್ರಾಂ, ಎಲ್‌ಎಸ್‌ಡಿಯದು 0.1 ಗ್ರಾಂ. ಶನಿವಾರ ಹೋಂಸ್ಟೇಗೆ ಬರುವವನ ಮೊಬೈಲ್ ಕವರಿನೊಳಗೆ ಹಿಡಿಯುವ ಸರಕಿದು. ಇದನ್ನು ಕಿಲೊ ಲೆಕ್ಕದಲ್ಲಿ ಅಳೆಯುತ್ತ ಕೂತರೆ ಏನೂ ತಿಳಿಯುವುದಿಲ್ಲ.

ಕಾಗದದ ಮೇಲೆ ದೇಶದ ಯೋಜನೆ ಚೆನ್ನಾಗಿಯೇ ಇದೆ. ಮಾದಕವಸ್ತು ತಡೆಗೆ ಇಲಾಖೆಗಳನ್ನು ಒಟ್ಟುಗೂಡಿಸಲು 2016ರಲ್ಲಿ ಶುರುವಾದ ಎನ್‌ಕಾರ್ಡ್ ವ್ಯವಸ್ಥೆಗೆ ಈಗ ನಾಲ್ಕು ಹಂತ, ತಳದಲ್ಲಿ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ. ಆದರೆ ತಳದಿಂದ ಮೇಲಕ್ಕೆ ಹೋಗುವುದು ಹೆಚ್ಚಾಗಿ ಕೇಸು, ಬಂಧನ, ತೂಕ. ಕಾಯ್ದೆಯೋ ಹೆಸರು ಬರೆದ ವಸ್ತುವನ್ನಷ್ಟೇ ಹಿಡಿಯುತ್ತದೆ. ಉತ್ತೇಜಕ ಮೆಫೆಡ್ರೋನ್ ಆ ಪಟ್ಟಿಗೆ ಸೇರಿದ್ದು 2015ರಲ್ಲಿ, ನೋವಿನ ಮಾತ್ರೆ ಟ್ರಮಡಾಲ್ 2018ರಲ್ಲಿ. ಟ್ರಮಡಾಲ್ ಮೇಲೆ ಹಿಡಿತ ಬಿಗಿಯಾದಂತೆ ಚಟ ಅದೇ ಬಗೆಯ ಟಪೆಂಟಡಾಲ್ ಮಾತ್ರೆಗೆ ಹೊರಳಿತು. ಹೀಗೆ ಹೊರಳುವುದು ಮೊದಲು ಗೊತ್ತಾಗುವುದು ದೆಹಲಿಗಲ್ಲ, ಪೊಲೀಸರಿಗೂ ಅಲ್ಲ. ರಾತ್ರಿ ಪಾಳಿಯ ನರ್ಸ್‌ಗೆ, ಮೆಡಿಕಲ್ ಶಾಪಿನ ಹುಡುಗನಿಗೆ. ಅವರಿಗೆ ಗೊತ್ತಾದದ್ದನ್ನು ಬರೆದುಕೊಳ್ಳುವ ಜಾಗವೇ ನಮ್ಮಲ್ಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಕ್ಯಾಶುಯಲ್ಟಿ (ತುರ್ತು ಚಿಕಿತ್ಸಾ ವಿಭಾಗ) ರಿಜಿಸ್ಟರಿನಲ್ಲಿ ಇಂಥ ರೋಗಿಯ ಮುಂದೆ ಬೀಳುವ ಸಾಲು ಬಹುತೇಕ 'ಅಪರಿಚಿತ ವಿಷ ಸೇವನೆ' ಅಥವಾ 'ಮದ್ಯದ ಅಮಲು'. ಕಣ್ಣಪಾಪೆ ಎಷ್ಟಿತ್ತು, ಉಸಿರು ನಿಮಿಷಕ್ಕೆ ಎಷ್ಟು, ಮೈ ಎಷ್ಟು ಬಿಸಿ ಎಂಬ ಮೂರು ಸಂಗತಿ ಬರೆದರೆ ಅರ್ಧ ಕಥೆ ಸಿಗುತ್ತದೆ. ಪಾಪೆ ಸೂಜಿಮೊನೆಯಷ್ಟಾಗಿ ಉಸಿರು ಹನ್ನೆರಡಕ್ಕಿಂತ ಕೆಳಗಿಳಿದಿದ್ದರೆ ಅಫೀಮು ಜಾತಿಯ ಒಪಿಯಾಯ್ಡ್ ಇರಬೇಕು. ಪಾಪೆ ಅಗಲವಾಗಿ, ದವಡೆ ಕಚ್ಚುತ್ತ, ಮೈ ಕಾಯುತ್ತಿದ್ದರೆ ಎಂಡಿಎಂಎ ಅಥವಾ ಮೆಥ್ (ಮೆಥಾಂಫೆಟಮಿನ್) ಜಾತಿಯ ಉತ್ತೇಜಕ. ಮೊದಲನೆಯದಕ್ಕೆ ಪ್ರತಿಮದ್ದಾದ ನಲಾಕ್ಸೋನ್ ಕೆಲಸ ಮಾಡುತ್ತದೆ, ಎರಡನೆಯದಕ್ಕೆ ಮಾಡುವುದಿಲ್ಲ. ಅಲ್ಲಿ ಬೇಕಾದದ್ದು ಮೈ ತಣಿಸುವುದು ಮತ್ತು ಉದ್ರೇಕ ಇಳಿಸುವ ಬೆಂಜೊಡಯಾಜೆಪೀನ್ ಔಷಧ.

ನಲಾಕ್ಸೋನ್ ವಿಷಯದಲ್ಲಿ ಮಲೆನಾಡಿನವರು ನೆನಪಿಡಬೇಕಾದ ಒಂದು ಮಾತಿದೆ. ಮೊದಲು ಕೈಯಲ್ಲಿ ಒತ್ತುವ ಆಂಬು ಬ್ಯಾಗಿನಿಂದ ಉಸಿರು ಕೊಡಬೇಕು, ಆಮೇಲೆ 0.4 ಮಿ.ಗ್ರಾಂ. ಇಂಜೆಕ್ಷನ್, ಎರಡು ಮೂರು ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಮತ್ತೊಂದು. ಆದರೆ ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯಲ್ಲಿ ಇಳಿದುಹೋಗುತ್ತದೆ, ನುಂಗಿದ ಮಾತ್ರೆಯ ಪರಿಣಾಮ ಅದಕ್ಕಿಂತ ಹೊತ್ತು ಉಳಿಯಬಹುದು. ಕಳಸದಲ್ಲೋ ಮೂಡಿಗೆರೆಯಲ್ಲೋ ಎದ್ದು ಕೂತ ರೋಗಿಯನ್ನು 'ಸರಿಹೋದ' ಎಂದು ಮಂಗಳೂರಿಗೆ ಕಳಿಸಿದರೆ ಘಾಟಿಯ ತಿರುವಿನಲ್ಲಿ ಮತ್ತೆ ಉಸಿರು ನಿಲ್ಲುವ ಅಪಾಯವಿದೆ. ಆಂಬುಲೆನ್ಸಿನಲ್ಲೂ ನಲಾಕ್ಸೋನ್ ಆಂಪೂಲ್ ಬೇಕು, ಕೊಡಲು ಬಲ್ಲವರೂ ಬೇಕು. ಇದು ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧ, ಅಪರೂಪದ್ದೇನಲ್ಲ.

ಇನ್ನು ಲ್ಯಾಬ್ ಪರೀಕ್ಷೆಗೆ ತೆಗೆಯುವ ಮಾದರಿ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿನಲ್ಲಿ 5 ಮಿ.ಲೀ. ರಕ್ತ, 30 ಮಿ.ಲೀ. ಮೂತ್ರ, ಫ್ರಿಜ್ಜಿನಲ್ಲಿ 4 ಡಿಗ್ರಿ. ಎಡವಟ್ಟಾಗುವುದು ಸರದಿಯಲ್ಲಿ. ರೋಗಿ ಒದ್ದಾಡುತ್ತಿದ್ದಾನೆಂದು ಮೊದಲು ಮಿಡಜೋಲಮ್ (ಅದೂ ಒಂದು ಬೆಂಜೊಡಯಾಜೆಪೀನ್) ಕೊಟ್ಟು ಆಮೇಲೆ ಮಾದರಿ ತೆಗೆದರೆ, ಲ್ಯಾಬ್ 'ಬೆಂಜೊಡಯಾಜೆಪೀನ್ ಇದೆ' ಎಂದು ವರದಿ ಕೊಡುತ್ತದೆ. ಅದು ಆಸ್ಪತ್ರೆಯೇ ಕೊಟ್ಟದ್ದು. ಮೊದಲೇ ತೆಗೆಯಲು ಆಗದಿದ್ದರೆ ಕೊಟ್ಟ ಔಷಧ ಮತ್ತು ವೇಳೆಯನ್ನಾದರೂ ಫಾರಂ ಮೇಲೆ ಬರೆಯಬೇಕು.

ಕೆಲವು ಕಾಲೇಜುಗಳಿಗೆ ಈಗ ಮೂತ್ರ ಪರೀಕ್ಷೆಯ ಕಿಟ್ ಮೇಲೆ ವಿಪರೀತ ನಂಬಿಕೆ. ಕಿಟ್ಟಿನಲ್ಲಿ ಮಾರ್ಫಿನ್ ಹುಡುಕುವ ಪರೀಕ್ಷಾ ಪಟ್ಟಿ ಟ್ರಮಡಾಲನ್ನೂ ಟಪೆಂಟಡಾಲನ್ನೂ ಹಿಡಿಯುವುದಿಲ್ಲ. ನೆಗಡಿ ಮಾತ್ರೆಯ ಸ್ಯೂಡೊಎಫೆಡ್ರಿನ್‌ಗೆ ಆಂಫೆಟಮಿನ್ ಪಟ್ಟಿ ಪಾಸಿಟಿವ್ ತೋರಿಸಬಲ್ಲದು. ಹಿಂದಿನ ದಿನ ಹಬ್ಬದ ಗಸಗಸೆ ಪಾಯಸ ಚೆನ್ನಾಗಿ ಹೊಡೆದಿದ್ದರೂ ಮಾರ್ಫಿನ್ ಪಟ್ಟಿ ಪಾಸಿಟಿವ್ ತೋರಿಸಬಹುದು! ಕಿಟ್ ಹೇಳಿದ್ದನ್ನು, ವಸ್ತುವನ್ನು ನಿಖರವಾಗಿ ಗುರುತಿಸುವ ಜಿಸಿ-ಎಂಎಸ್ ಯಂತ್ರದಲ್ಲಿ ಖಚಿತಪಡಿಸಿಕೊಳ್ಳದೆ ಹುಡುಗನನ್ನು ಹಾಸ್ಟೆಲಿನಿಂದ ಹೊರಹಾಕುವುದು ಅನ್ಯಾಯ. ಪೊಲೀಸರ ಬಳಿಯ ಬಣ್ಣದ ಪರೀಕ್ಷೆಗೂ ಇದೇ ಮಿತಿ. ಮಾರ್ಕಿಸ್ ದ್ರಾವಣ ಎಂಡಿಎಂಎಗೆ ಕಪ್ಪುನೇರಳೆಗೆ ತಿರುಗಿದರೆ ಆ ಕಪ್ಪಿನಡಿ ಬೆರಕೆಯಾದ ಇನ್ನೊಂದು ವಸ್ತು ಕಾಣುವುದೇ ಇಲ್ಲ.

ಇಲ್ಲಿಗೆ ಬಂದರೆ ದೊಡ್ಡ ತೂತು ಕಾಣುತ್ತದೆ. ಜಪ್ತಿಯಾದ ಮಾತ್ರೆಯಲ್ಲಿ ಏನಿತ್ತೆಂದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ತಿಳಿಯುತ್ತದೆ. 2022ರ ನಿಯಮಗಳ ಪ್ರಕಾರ ಆ ವರದಿ ನ್ಯಾಯಾಲಯಕ್ಕೆ ಮತ್ತು ತನಿಖಾಧಿಕಾರಿಗೆ ಹೋಗುತ್ತದೆ. ಕ್ಯಾಶುಯಲ್ಟಿಯಲ್ಲಿ ಅದೇ ಮಾತ್ರೆ ನುಂಗಿದವನನ್ನು ನೋಡುವ ವೈದ್ಯರಿಗೆ ಯಾರೂ ಹೇಳುವುದಿಲ್ಲ. ವಿಶ್ವಸಂಸ್ಥೆಯ ಮಾದಕವಸ್ತು ಮತ್ತು ಅಪರಾಧ ಕಚೇರಿ 2013ರಿಂದ ದೇಶದೇಶಗಳ ಲ್ಯಾಬ್‌ಗಳಿಂದ ಹೊಸ ವಸ್ತುಗಳ ಮಾಹಿತಿ ಕೂಡಿಹಾಕುತ್ತಿದೆ, ಸಾವಿರಕ್ಕೂ ಹೆಚ್ಚು ದಾಖಲಾಗಿವೆ. ಆ ಕಚೇರಿ ಇರುವ ವಿಯೆನ್ನಾಕ್ಕೆ ಹೋಗಬಲ್ಲ ಸುದ್ದಿ ಇಲ್ಲಿನ ಕ್ಯಾಶುಯಲ್ಟಿಗೆ ಬರಲಾರದೇ? ಕೇಸಿನ ನಂಬರು, ಆರೋಪಿಯ ಹೆಸರು ಬೇಡ. 'ಈ ಬಣ್ಣದ, ಈ ಗುರುತಿನ ಮಾತ್ರೆಯಲ್ಲಿ ಇಂಥದ್ದು ಸಿಕ್ಕಿದೆ' ಎಂಬ ಎರಡು ಸಾಲು ಸಾಕು.

ಆಸ್ಪತ್ರೆಯಿಂದ ಹೋಗಬೇಕಾದದ್ದೂ ಒಂದೇ ಪುಟ, ಹೆಸರಿಲ್ಲದ್ದು: ವಯಸ್ಸು, ತಾಲ್ಲೂಕು, ವೇಳೆ, ಲಕ್ಷಣ, ನುಂಗಿದ್ದೇನೆಂದು ಜೊತೆಗಿದ್ದವರು ಹೇಳಿದ್ದು, ಉಳಿದ ಮಾತ್ರೆಯಿದ್ದರೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ತೆಗೆದ ಫೋಟೊ. ವಾರಕ್ಕೊಮ್ಮೆ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ. ಹೆಸರು ಬೇಡ ಎನ್ನುವುದು ಸುಮ್ಮನೆ ಅಲ್ಲ. ಪೊಲೀಸ್ ಭಯಕ್ಕೆ ಗೆಳೆಯರು ರೋಗಿಯನ್ನು ಗೇಟಿನಲ್ಲಿ ಇಳಿಸಿ ಓಡುತ್ತಾರೆ, ಇದ್ದವರು ಸುಳ್ಳು ಹೇಳುತ್ತಾರೆ. ಬಳಸಿದ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಕಾಯ್ದೆಯ 64ಎ ಕಲಮು ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಜಾಥಾದ ಬ್ಯಾನರಿನಲ್ಲಿ ಈ ಕಲಮನ್ನು ಬರೆದವರನ್ನು ನಾವಿನ್ನೂ ನೋಡಿಲ್ಲ.

ಔಷಧ ಅಂಗಡಿಗಳ ಮಾತು ಚಿಕ್ಕದು. ವೈದ್ಯರ ಚೀಟಿಯಿಲ್ಲದೆ ಮಾರಬಾರದ ಎಚ್1 ಪಟ್ಟಿಯ ಔಷಧಗಳಿಗೆ ವೈದ್ಯರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರ್ ಇಟ್ಟು ಮೂರು ವರ್ಷ ಕಾಯ್ದಿಡಬೇಕು. ಇನ್‌ಸ್ಪೆಕ್ಟರು ಬರುವ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ ತುಂಬಿದ ರಿಜಿಸ್ಟರ್ ನೋಡಿದವರಿಗೆ ಗೊತ್ತಾಗುತ್ತದೆ. ಸಗಟು ಬಿಲ್ಲಿನ ಸ್ಟ್ರಿಪ್‌ಗಳ ಲೆಕ್ಕವನ್ನು ರಿಜಿಸ್ಟರಿನ ಲೆಕ್ಕಕ್ಕೆ ತಾಳೆ ಹಾಕುವುದು ಒಂದು ಮಧ್ಯಾಹ್ನದ ಕೆಲಸ.

ಎರಡೂ ಜಿಲ್ಲೆಗಳ ಮುಂದಿನ ಎನ್‌ಕಾರ್ಡ್ ಸಭೆಯಲ್ಲಿ ಜಪ್ತಿಯ ಪಟ್ಟಿ ಓದುವ ಮುನ್ನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ, ಪ್ರತಿ 108 ವಾಹನದಲ್ಲಿ ನಲಾಕ್ಸೋನ್ ಎಷ್ಟು ಆಂಪೂಲ್ ಇದೆ, ಅವಧಿ ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಜಿಲ್ಲಾಧಿಕಾರಿಗಳು ಕೇಳಲಿ.

– ವೈದ್ಯಕೀಯ ಮತ್ತು ಫಾರ್ಮಸಿ ವೃತ್ತಿಯ ಓದುಗರು, ಹಾಸನ