ಟೊಪ್ಪಿ ಹಾಕಿಕೊಂಡು ಮತ್ತೆ ಮೈದಾನಕ್ಕೆ

ಕಳೆದ ಭಾನುವಾರ ಬೆಳಿಗ್ಗೆ ನಾನು ಇಪ್ಪತ್ತೆರಡು ನಿಮಿಷ ಫುಟ್‌ಬಾಲ್ ಆಡಿದೆ. ಬೆಂಗಳೂರಿನ ಒಂದು ಮಣ್ಣಿನ ಮೈದಾನದಲ್ಲಿ, ಬಹುಮಾನವೂ ಪ್ರೇಕ್ಷಕರೂ ಇಲ್ಲದ ಪಂದ್ಯದಲ್ಲಿ, ನಲವತ್ತರ ಹತ್ತಿರದ ಒಬ್ಬ ಗುಮಾಸ್ತ ಇಪ್ಪತ್ತೆರಡು ನಿಮಿಷ ಓಡಿದ್ದು ಲೋಕಕ್ಕೆ ಸುದ್ದಿಯಲ್ಲ. ಆದರೆ ಏಳು ತಿಂಗಳ ಹಿಂದೆ ತಲೆಬುರುಡೆ ಬಿರುಕು ಬಿಟ್ಟು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ್ದವನಿಗೆ, ಅವನನ್ನು ಅಲ್ಲಿಂದ ಎಬ್ಬಿಸಿ ನಿಲ್ಲಿಸಿದವರಿಗೆ, ಅದು ಸಣ್ಣ ಸಂಗತಿಯೂ ಅಲ್ಲ. ಅವರೆಲ್ಲರಿಗೆ ನಾಲ್ಕು ಜನರ ಮುಂದೆ ಕೃತಜ್ಞತೆ ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬರಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಾಗುವ ಸಂಭವವೂ ಇಲ್ಲ. ಅವರ ಹೆಸರು ಕ್ರಿಸ್ತಿಯಾನ್ ಕಿವು, ಫುಟ್‌ಬಾಲ್ ಆಟಗಾರರಾಗಿದ್ದವರು, ಊರು ರೊಮೇನಿಯಾದ ರೆಶಿತ್ಸ. ಬರಹದ ಬಹುಪಾಲು ಅವರಿಗೇ ಹೋದರೆ ಉಳಿದವರು ಮುನಿಸಿಕೊಳ್ಳಬಾರದು; ಆ ಕಥೆಯನ್ನು ನನ್ನ ಬಾಯಿಂದ ಏಳು ತಿಂಗಳು ಕೇಳಿ ದಣಿದವರೇ ನೀವೆಲ್ಲ.

ಮೊದಲು ಹತ್ತಿರದವರು. ಕಾರ್ನರ್‌ನಿಂದ ಬಂದ ಚೆಂಡಿಗೆ ನನ್ನ ಜೊತೆಯಲ್ಲೇ ಹಾರಿದ ಎದುರಾಳಿ ತಂಡದ ಹುಡುಗನ ಹಣೆ ನನ್ನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ. ತನ್ನ ಹುಬ್ಬಿನಿಂದ ರಕ್ತ ಸೋರುತ್ತಿದ್ದರೂ ಲೆಕ್ಕಿಸದೆ, ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಕರೆತಂದವನು ಅವನೇ. ರಾತ್ರಿಯೆಲ್ಲ ನಿಂತು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ಗಂಟೆಗೊಮ್ಮೆ ಎಬ್ಬಿಸಿ ‘ಹೆಸರು ಹೇಳಿ, ಇವತ್ತು ಯಾವ ವಾರ ಹೇಳಿ’ ಎಂದು ಕೇಳುತ್ತಿದ್ದ ದಾದಿಯರಿಗೆ, ಸಂಬಳವಿಲ್ಲದ ತಿಂಗಳುಗಳನ್ನು ಸದ್ದಿಲ್ಲದೆ ದಾಟಿಸಿದ ನನ್ನ ಹೆಂಡತಿಗೆ, ಚೆಂಡಿನ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರೂ ಹೊತ್ತಿಗೆ ಸರಿಯಾಗಿ ಗಂಜಿ ತಂದಿಡುತ್ತಿದ್ದ ಅಮ್ಮನಿಗೆ ನಾನು ಋಣಿ. ತಮ್ಮನಿಗೆ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಕಿವು ಅವರನ್ನು ಹುಡುಕಿ ತಂದವನು ಅವನು.

ಮೊಬೈಲ್, ಟೀವಿ, ಪುಸ್ತಕ ಯಾವುದನ್ನೂ ನೋಡಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರಿಂದ ಸಂಜೆ ಹೊತ್ತು ತಮ್ಮ ನನ್ನ ಪಕ್ಕದಲ್ಲಿ ಕುಳಿತು ಏನಾದರೂ ಓದಿ ಹೇಳುತ್ತಿದ್ದ. ತಲೆಬುರುಡೆ ಒಡೆದ ಮೇಲೂ ಆಡಿದವರು ಯಾರಿದ್ದಾರೆ ಎಂದು ನಾನು ಕೇಳಿದ್ದಕ್ಕೆ, 2006ರಲ್ಲಿ ಇಂಥದೇ ಪೆಟ್ಟು ತಿಂದು ಚೇತರಿಸಿಕೊಂಡ ಪೀಟರ್ ಚೆಕ್ ಅವರ ಹೆಸರು ಹೇಳಿದ. ಅವರು ಗೋಲ್‌ಕೀಪರ್, ಕೈ ಬಳಸಬಹುದು, ನನಗೆ ತಲೆಯಿಂದಲೇ ಚೆಂಡು ಹೊಡೆಯಬೇಕಾದ ಡಿಫೆಂಡರ್ ಬೇಕು ಎಂದು ನಾನು ಹಟ ಹಿಡಿದೆ. ಮರುದಿನ ಅವನು ಕಿವು ಅವರ ಕಥೆ ತಂದ. ಇಂಗ್ಲಿಷ್ ಅಕ್ಷರ ನೋಡಿ ‘ಚಿವು’ ಎಂದು ಓದುತ್ತಿದ್ದ ಅವನಿಗೆ, ರೊಮೇನಿಯನ್ನರ ಬಾಯಲ್ಲಿ ಅದು ‘ಕಿವು’ ಎಂಬುದು ಆಮೇಲೆ ತಿಳಿಯಿತು. ಕಿವಿ ಮುಚ್ಚುವ ಟೊಪ್ಪಿ ಹಾಕಿದವರಿಗೆ ಆ ಹೆಸರು ಚೆನ್ನಾಗಿಯೇ ಹೊಂದುತ್ತದೆ ಎಂದು ನಾವಿಬ್ಬರೂ ನಕ್ಕೆವು. ಪೆಟ್ಟು ಬಿದ್ದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ರೆಶಿತ್ಸ ರೊಮೇನಿಯಾದ ನೈಋತ್ಯ ಮೂಲೆಯಲ್ಲಿರುವ ಉಕ್ಕಿನ ಊರು; ಹದಿನೆಂಟನೆಯ ಶತಮಾನದಿಂದಲೂ ಅಲ್ಲಿ ಕಬ್ಬಿಣದ ಕುಲುಮೆಗಳು ಉರಿದಿವೆ. ಕಿವು ಹುಟ್ಟಿದ್ದು 1980ರ ಅಕ್ಟೋಬರ್ 26ರಂದು. ತಂದೆ ಮಿರ್ಚ್ಯಾ ಕಿವು ಊರಿನ ತಂಡದ ಆಟಗಾರರಾಗಿದ್ದು ನಂತರ ತರಬೇತುದಾರರೂ ಆದವರು. ಮಗ ಇನ್ನೂ ಹರೆಯದಲ್ಲಿರುವಾಗಲೇ ಅವರು ತೀರಿಕೊಂಡರು, ಇಂದು ಊರಿನ ಕ್ರೀಡಾಂಗಣಕ್ಕೆ ಅವರದೇ ಹೆಸರಿದೆ. ಮಗ ಊರಿನ ತಂಡದಿಂದ ಕ್ರಯೋವಾ ನಗರದ ತಂಡಕ್ಕೆ ಹೋಗಿ, 1999ರಲ್ಲಿ, ಹತ್ತೊಂಬತ್ತು ತುಂಬುವ ಮೊದಲೇ ಆಮ್‌ಸ್ಟರ್‌ಡಾಮ್‌ನ ಅಯಾಕ್ಸ್ ಸೇರಿದರು. ಮರುವರ್ಷದ ಯೂರೋ ಕಪ್‌ನಲ್ಲಿ ರೊಮೇನಿಯಾ ಇಂಗ್ಲೆಂಡನ್ನು 3-2ರಿಂದ ಸೋಲಿಸಿದಾಗ ಮೊದಲ ಗೋಲು ಅವರದು. ಎಡಗಡೆಯಿಂದ ಒಳಕ್ಕೆ ತೂರಿದ ಚೆಂಡು ಯಾರಿಗೂ ತಾಗದೆ ಕಂಬಕ್ಕೆ ಬಡಿದು ಬಲೆ ಸೇರಿತ್ತು. ಅಯಾಕ್ಸ್‌ನಲ್ಲಿ ಎಳೆಯ ವಯಸ್ಸಿನಲ್ಲೇ ನಾಯಕರಾದರು, 2002ರಲ್ಲಿ ಲೀಗ್ ಮತ್ತು ಡಚ್ ಕಪ್ ಎರಡನ್ನೂ ಗೆದ್ದರು. 2003ರಿಂದ ನಾಲ್ಕು ವರ್ಷ ಇಟಲಿಯ ರೋಮಾ ತಂಡ, 2007ರಿಂದ ಮಿಲಾನ್ ನಗರದ ಇಂಟರ್ ತಂಡ. ರೊಮೇನಿಯಾ ಪರ ಆಡಿದ ಪಂದ್ಯಗಳು 75.

ಈ ವಿವರಗಳೆಲ್ಲ ಚೆನ್ನಾಗಿಯೇ ಇದ್ದವು. ಆದರೆ ನಾನು ತಮ್ಮನಿಂದ ಮತ್ತೆ ಮತ್ತೆ ಓದಿಸಿದ್ದು 2010ರ ಮೊದಲ ಐದು ತಿಂಗಳನ್ನು ಮಾತ್ರ.

ಆ ವರ್ಷದ ಜನವರಿ 6ರಂದು ವೆರೋನಾದಲ್ಲಿ ಕಿಯೇವೊ ತಂಡದ ವಿರುದ್ಧ ಪಂದ್ಯ. ಎತ್ತರದಿಂದ ಇಳಿಯುತ್ತಿದ್ದ ಚೆಂಡಿಗೆ ಕಿವು ಮತ್ತು ಎದುರಾಳಿ ಸೆರ್ಜೊ ಪೆಲ್ಲಿಸಿಯೆರ್ ಒಟ್ಟಿಗೆ ಹಾರಿದರು, ತಲೆಗೆ ತಲೆ ತಾಗಿತು, ಕಿವು ಅವರ ತಲೆಬುರುಡೆ ಮುರಿಯಿತು. ಅದೇ ಊರಿನ ಆಸ್ಪತ್ರೆಯಲ್ಲಿ ತಡಮಾಡದೆ ಶಸ್ತ್ರಚಿಕಿತ್ಸೆ ನಡೆಯಿತು. ಮಾರ್ಚ್ ತಿಂಗಳ ಕೊನೆಯ ಹೊತ್ತಿಗೆ, ಅಂದರೆ ಮೂರು ತಿಂಗಳೂ ತುಂಬುವ ಮೊದಲು, ರಗ್ಬಿ ಆಟಗಾರರು ಧರಿಸುವಂಥ ಮೆತ್ತೆಯ ಟೊಪ್ಪಿ ಹಾಕಿಕೊಂಡು ಅವರು ಮೈದಾನಕ್ಕೆ ಮರಳಿದರು. ಈ ಲೆಕ್ಕವನ್ನು ಹಿಗ್ಗಿನಿಂದ ಹೇಳಿದಾಗ ನನ್ನ ವೈದ್ಯರು, ಆ ಆಟಗಾರರ ಹಿಂದೆ ಒಂದು ವೈದ್ಯರ ದಂಡೇ ಇತ್ತು, ನಿಮ್ಮ ಹಿಂದೆ ನಾನೊಬ್ಬನೇ ಇದ್ದೇನೆ, ಅವರ ವಾರಗಳನ್ನು ನೀವು ಎಣಿಸಬೇಡಿ ಎಂದು ಗದರಿದರು. ಎಣಿಸುವುದನ್ನು ಬಿಟ್ಟೆ. ಆ ಗದರಿಕೆಗೂ ಒಂದು ನಮಸ್ಕಾರ.

ಏಪ್ರಿಲ್ 24ರಂದು ಇಟಲಿಯದೇ ಅಟಲಾಂಟಾ ತಂಡದ ವಿರುದ್ಧ ಕಿವು ದೂರದಿಂದ ಹೊಡೆದು ಒಂದು ಗೋಲು ಗಳಿಸಿದರು. ನಾಲ್ಕು ದಿನ ಕಳೆದು, ಯುರೋಪಿನ ಕ್ಲಬ್‌ಗಳ ದೊಡ್ಡ ಪಂದ್ಯಾವಳಿಯಾದ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಪಂದ್ಯ, ಬಾರ್ಸಿಲೋನಾದ ಮನೆಯಂಗಳದಲ್ಲಿ. ಮೊದಲ ಪಂದ್ಯವನ್ನು ಇಂಟರ್ 3-1ರಿಂದ ಗೆದ್ದಿತ್ತು. ಪಂದ್ಯಕ್ಕೆ ಮುಂಚೆ ಮೈ ಬಿಸಿಮಾಡಿಕೊಳ್ಳುವಾಗ ಇಂಟರ್‌ನ ಪಾಂಡೆವ್ ಗಾಯಗೊಂಡಿದ್ದರಿಂದ, ಕೊನೆಯ ಗಳಿಗೆಯಲ್ಲಿ ಕಿವು ಅವರನ್ನು ಇಳಿಸಬೇಕಾಯಿತು, ಅದೂ ದಾಳಿಕಾರನೊಬ್ಬ ಆಡಬೇಕಿದ್ದ ಜಾಗಕ್ಕೆ. ಇಪ್ಪತ್ತೆಂಟನೆಯ ನಿಮಿಷದಲ್ಲಿ ಇಂಟರ್‌ನ ಮೊಟ್ಟಾ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ, ಹತ್ತೇ ಜನ ಒಂದು ಗಂಟೆಗೂ ಮಿಕ್ಕಿ ಗೋಡೆಯಂತೆ ನಿಂತರು. ಸೋತರು, ಆದರೆ ಒಂದೇ ಗೋಲಿನಿಂದ. ಎರಡೂ ಪಂದ್ಯಗಳ ಗೋಲು ಸೇರಿಸಿ ಒಟ್ಟು 3-2ರಲ್ಲಿ ಫೈನಲ್ ತಲುಪಿದ್ದು ಇಂಟರ್. ಕಾಲಿಂದ ಕಾಲಿಗೆ ಚೆಂಡು ಹರಿಸುವ ಬಾರ್ಸಿಲೋನಾದ ಸೊಗಸಿಗೆ ಮಾರುಹೋದವರು ಇಂಟರ್ ಆಡಿದ್ದು ಆಟವೇ ಅಲ್ಲ ಎನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ಜೀವನವಿಡೀ ಎಡಬದಿ ಕಾಯ್ದ ನನ್ನಂಥವನಿಗೆ, ಹೇಳದೆ ಕೇಳದೆ ಬಂದ ಜಾಗದಲ್ಲಿ ನಿಂತು, ಹೊಲಿಗೆ ಬಿದ್ದ ತಲೆಯನ್ನು ಮತ್ತೆ ಚೆಂಡಿಗೆ ಒಡ್ಡಿದ ಆ ರಾತ್ರಿಗಿಂತ ಚೆಂದದ ಆಟ ಇನ್ನೊಂದಿಲ್ಲ.

ಮೇ 22ರಂದು ಮ್ಯಾಡ್ರಿಡ್‌ನಲ್ಲಿ ನಡೆದ ಫೈನಲ್‌ನಲ್ಲಿ ಕಿವು ಎಡಬದಿಯ ಡಿಫೆಂಡರ್. ಬಯರ್ನ್ ಮ್ಯೂನಿಕ್ ಪರ ಅವರೆದುರು ಬಂದವರು ಆರ್ಯನ್ ರಾಬೆನ್, ಆ ವರ್ಷ ಯಾವ ಡಿಫೆಂಡರನೂ ಎದುರಿಸಲು ಬಯಸದ ಆಟಗಾರ. ಕಿವು ಹಳದಿ ಕಾರ್ಡ್ ಪಡೆದರು, ಹಲವು ಸಲ ಹಿಂದೆ ಬಿದ್ದರು, ಅರವತ್ತೆಂಟನೆಯ ನಿಮಿಷದಲ್ಲಿ ಅವರ ಬದಲಿಗೆ ಸ್ಟಾಂಕೊವಿಚ್ ಬಂದರು. ಇಂಟರ್‌ನ ದಾಳಿಕಾರ ಮಿಲಿಟೊ ಎರಡು ಗೋಲು ಹೊಡೆದರು, ಇಂಟರ್ 2-0ರಿಂದ ಗೆದ್ದಿತು. ಇಟಲಿಯ ಲೀಗ್ ಮತ್ತು ಕಪ್ ಮೊದಲೇ ಕೈಸೇರಿದ್ದವು. ಆ ಫೈನಲನ್ನು ನಾನು ನಡುರಾತ್ರಿಯಲ್ಲಿ ಎದ್ದು ಕುಳಿತು ಟೀವಿಯಲ್ಲಿ ನೋಡಿದ್ದೆ. ನೆನಪಿದ್ದದ್ದು ಮಿಲಿಟೊ ಮಾತ್ರ. ಟೊಪ್ಪಿ ಹಾಕಿದ್ದವರನ್ನು ಕಂಡಿದ್ದೆ, ಯಾಕೆ ಹಾಕಿದ್ದಾರೆಂದು ಕೇಳಿಕೊಳ್ಳುವ ಪುರಸೊತ್ತು ಆಗ ಇರಲಿಲ್ಲ. ಈಗ ಅದಕ್ಕಾಗಿ ಸ್ವಲ್ಪ ನಾಚಿಕೆಯಾಗುತ್ತದೆ.

ಕಿವು ಅವರನ್ನು ದೇವರ ಪಟದಂತೆ ಗೋಡೆಗೆ ಹಾಕಲು ನಾನು ಹೊರಟಿಲ್ಲ. 2011ರ ಫೆಬ್ರವರಿಯಲ್ಲಿ ಬಾರಿ ತಂಡದ ಮಾರ್ಕೊ ರೊಸ್ಸಿ ಅವರಿಗೆ ಮೈದಾನದಲ್ಲೇ ಗುದ್ದಿ ನಾಲ್ಕು ಪಂದ್ಯಗಳ ನಿಷೇಧಕ್ಕೆ ಗುರಿಯಾದರು, ಕ್ಷಮೆಯನ್ನೂ ಕೇಳಿದರು. ನನ್ನ ತಮ್ಮ ಈ ಭಾಗವನ್ನು ಹಾರಿಸಿ ಓದಲು ನೋಡಿದ, ಓದಿಸಿದೆ. ನನಗೂ ಆ ತಿಂಗಳುಗಳಲ್ಲಿ ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು, ಒಮ್ಮೆ ಅಮ್ಮ ತಂದ ಗಂಜಿಯ ಬಟ್ಟಲನ್ನೇ ತಳ್ಳಿಬಿಟ್ಟಿದ್ದೆ. ಅಮ್ಮ, ಅದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ.

2014ರಲ್ಲಿ ಆಟ ನಿಲ್ಲಿಸಿದ ಕಿವು, 2018ರಿಂದ ಇಂಟರ್‌ನ ಕಿರಿಯರ ತಂಡಗಳಿಗೆ ತರಬೇತಿ ಕೊಟ್ಟು, 2022ರಲ್ಲಿ ಅಲ್ಲಿನ ಯುವ ತಂಡವನ್ನು ಇಟಲಿಯ ಚಾಂಪಿಯನ್ ಮಾಡಿದರು. 2025ರ ಆರಂಭದಲ್ಲಿ ಕೆಳಗಿನ ದರ್ಜೆಗೆ ಜಾರುವ ಭಯದಲ್ಲಿದ್ದ ಪಾರ್ಮಾ ತಂಡವನ್ನು ವಹಿಸಿಕೊಂಡು ಉಳಿಸಿದರು. ಅದೇ ಜೂನ್‌ನಲ್ಲಿ, ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 5-0 ಸೋಲುಂಡಿದ್ದ ಇಂಟರ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ಕರೆಯಿತು.

ನನ್ನ ಟೊಪ್ಪಿಯನ್ನು ತಂಡದ ಗೆಳೆಯರು ಚಂದಾ ಎತ್ತಿ ತರಿಸಿಕೊಟ್ಟರು. ಕಪ್ಪು ಬಣ್ಣದ್ದು, ಗದ್ದದ ಕೆಳಗೆ ಕಟ್ಟಿಕೊಳ್ಳುವಂಥದ್ದು. ಬಿಸಿಲಿನಲ್ಲಿ ಒಳಗೆಲ್ಲ ಬೆವರು, ಹೊರಗಿನವರ ಮಾತು ಅರ್ಧ ಕೇಳಿಸುವುದಿಲ್ಲ. ವೈದ್ಯರು ಆಡಲು ಒಪ್ಪಿಗೆ ಕೊಟ್ಟರೂ ಹೆಡ್ಡರ್‌ಗೆ, ಅಂದರೆ ತಲೆಯಿಂದ ಚೆಂಡು ಹೊಡೆಯಲು, ಇನ್ನೂ ಕೊಟ್ಟಿಲ್ಲ. ಭಾನುವಾರ ಮೊದಲ ಎತ್ತರದ ಚೆಂಡು ಬಂದಾಗ ನನ್ನ ಪಕ್ಕದಲ್ಲಿದ್ದವನು, ಅಂದು ಆಟೋದಲ್ಲಿ ನನ್ನ ತಲೆ ಹಿಡಿದಿದ್ದ ಅದೇ ಹುಡುಗ, ‘ಅಣ್ಣಾ ಬಿಡಿ, ನಂದು’ ಎಂದು ಕೂಗಿ ತಾನೇ ಹಾರಿದ. ಈಗ ಅವನು ನಮ್ಮ ತಂಡಕ್ಕೇ ಬಂದಿದ್ದಾನೆ, ಎಡಬದಿಯ ಜಾಗವೂ ಅವನದಾಗಿದೆ. ಮುಂದಿನ ವಾರದಿಂದ ನಾನು ಮಿಡ್‌ಫೀಲ್ಡ್‌ನಲ್ಲಿ ನಿಲ್ಲಬೇಕಂತೆ, ಆ ಜಾಗ ನನಗೆ ಹೊಸದು. ಆಗಲಿ ಎಂದಿದ್ದೇನೆ.