ಅಳಿಸಿದ ಒಂದು ಸಾಲು: ಅಣ್ಣಿಗೇರಿಯ ತಂಗಿಗೆ

ಧಾರವಾಡ

ಪ್ರೀತಿಯ ತಂಗಿ,

ನಿನ್ನ ಪತ್ರ ಮುಟ್ಟಿತು. ಮೂರು ವಾರ ನಿದ್ದೆಗೆಟ್ಟು ಕನ್ನಡ ವಿಕಿಪೀಡಿಯಕ್ಕೆ ನಿಮ್ಮೂರಿನ ಬಗ್ಗೆ ಬರೆದಿ. ಮರುದಿನವೇ ಯಾರೋ ನಾಲ್ಕು ಸಾಲು ತೆಗೆದು ‘ಆಧಾರ ಎಲ್ಲಿ?’ ಅಂದರು. ಇನ್ನೊಬ್ಬರು ‘ಇದು ಊರಿನ ಹೊಗಳಿಕೆ’ ಅಂದರು. ‘ಇನ್ನ ಒಂದಕ್ಷರ ಬರಿಯಂಗಿಲ್ರೀ’ ಎಂದು ಪತ್ರ ಮುಗಿಸಿದ್ದಿ. ಆ ಮಾತು ಓದಿ ಸಂಕಟವಾಯಿತು, ಅದಕ್ಕೇ ಇವತ್ತೇ ಬರೆಯಲು ಕೂತೆ.

ನಿನಗೆ ಹೆಚ್ಚು ನೋವು ಕೊಟ್ಟ ಸಾಲಿನಿಂದಲೇ ಶುರು ಮಾಡೋಣ: ‘ಆದಿಕವಿ ಪಂಪ ಹುಟ್ಟಿದ್ದು ಅಣ್ಣಿಗೇರಿಯಲ್ಲಿ.’ ನೀನು ಇದನ್ನು ಕೇಳುತ್ತಲೇ ಬೆಳೆದವಳು. ಆದರೆ ಪಂಪನ ತಮ್ಮ ಜಿನವಲ್ಲಭ ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬಂಡೆಯ ಮೇಲೆ ಬರೆಸಿದ ಶಾಸನ ಏನು ಹೇಳುತ್ತದೆ ನೋಡು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಎನ್ನುತ್ತದೆ. ತಂದೆಯ ಕಡೆಯವರು ಈಗಿನ ಆಂಧ್ರದ ಕಡೆಯ ವೆಂಗಿನಾಡಿನವರು. ಅಂದಮೇಲೆ ಅಣ್ಣಿಗೇರಿ ಅಬ್ಬಣಬ್ಬೆಯ ತವರಿನ ಕಡೆಯ ಊರು. ಬಾಣಂತನಕ್ಕೆ ಇಲ್ಲಿಗೇ ಬಂದಿರಬೇಕು, ಪಂಪ ಇಲ್ಲೇ ಹುಟ್ಟಿರಬೇಕು ಎನ್ನುವುದು ನಾವು ಪ್ರೀತಿಯಿಂದ ಕಟ್ಟಿಕೊಂಡ ಊಹೆ. ಶಾಸನದಲ್ಲಿ ಇರುವಷ್ಟನ್ನೇ ಬರೆದು ಅದರ ಉಲ್ಲೇಖ ಕೊಡು. ಆ ಸಾಲಿಗೆ ಯಾರೂ ಕೈ ಹಚ್ಚಲಾರರು. ನಿಜ ಹೇಳಲಾ? ನನಗೆ ನಿನ್ನ ಮೊದಲಿನ ಸಾಲಿಗಿಂತ ಇದೇ ಹೆಚ್ಚು ಇಷ್ಟ. ಇದರಲ್ಲಿ ಒಬ್ಬ ತಾಯಿ ಇದ್ದಾಳೆ, ಅವಳ ಅಜ್ಜ ಇದ್ದಾನೆ. ಆಧಾರ ಕೇಳಿದವರು ನಿನ್ನನ್ನು ಅಲ್ಲಿಗೆ ಕಳಿಸಿದರು.

ನನಗೂ ಹೀಗೇ ಆಗಿತ್ತು. ಆಗ ನನಗೆ ನಿನ್ನದೇ ವಯಸ್ಸು. ವಾರಪತ್ರಿಕೆಯೊಂದರಲ್ಲಿ ಬಂದ ನನ್ನ ಕಥೆಯಲ್ಲಿ ಒಬ್ಬ ರೈತ ರೋಹಿಣಿ ಮಳೆಗೆ ಬಿಳಿಜೋಳ ಬಿತ್ತುತ್ತಿದ್ದ. ನವಲಗುಂದದ ಕಡೆಯ ಒಕ್ಕಲಿಗರೊಬ್ಬರು ಕಾರ್ಡು ಬರೆದರು: ‘ಬಿಳಿಜೋಳ ಹಿಂಗಾರಿ ಬೆಳಿ. ಮುಂಗಾರಿಗೆ ನಮ್ಮ ಕಡೆ ಹೆಸರು ಬಿತ್ತತಾರ. ಹೊಲಾ ನೋಡದವರು ಹೊಲದ ಕಥಿ ಬರೀಬಾರದು.’ ಆ ಕೊನೆಯ ಮಾತು ಎದೆಗೆ ನಾಟಿತು. ಕಥೆಗೆ ಪಂಚಾಂಗ ಬೇಕಿಲ್ಲ ಎಂದು ಅದೇ ರಾತ್ರಿ ಎರಡು ಪುಟದ ಉತ್ತರ ಬರೆದು, ಬೆಳಿಗ್ಗೆ ಅಂಚೆಗೆ ಹಾಕಿಬಿಟ್ಟೆ. ಆ ಪತ್ರ ನೆನಪಾದಾಗಲೆಲ್ಲ ಇವತ್ತಿಗೂ ಮನಸ್ಸು ಕುಗ್ಗುತ್ತದೆ. ಅವರ ಮಾತು ಬಿರುಸಾಗಿತ್ತು, ವಿಷಯ ಮಾತ್ರ ಸೋಳಾಣೆ ಖರೆ. ನಾನು ಬಿರುಸಿಗೆ ಉತ್ತರ ಕೊಟ್ಟೆ, ವಿಷಯವನ್ನು ಬಿಟ್ಟೆ.

ಎಷ್ಟೋ ತಿಂಗಳ ಮೇಲೆ ಕಥೆಯನ್ನು ತಿದ್ದಲು ಕೂತೆ. ಬಿತ್ತಿಗೆಯನ್ನು ಹಿಂಗಾರಿನ ಹಸ್ತ ಮಳೆಗೆ ಸರಿಸಿದೆ. ಆಗ ಕಥೆಯಲ್ಲಿ ದೀಪಾವಳಿ ಹತ್ತಿರ ಬಂತು. ಊರು ಬಿಟ್ಟು ಹೋಗಿದ್ದ ಮಗ ಮನೆಗೆ ಯಾಕೆ ಬಂದ ಎನ್ನುವುದಕ್ಕೆ ಮೊದಲು ನನ್ನಲ್ಲಿ ಕಾರಣವೇ ಇರಲಿಲ್ಲ. ಈಗ ಅವನು ಹಬ್ಬಕ್ಕೆ ಬಂದ, ಅಪ್ಪನ ಕೂರಿಗೆ ಹಿಡಿದ. ಆ ಕಾರ್ಡು ಬಾರದಿದ್ದರೆ ನನಗೆ ಈ ಕೊನೆ ಸಿಗುತ್ತಿರಲಿಲ್ಲ. ಅವರಿಗೆ ಇದನ್ನು ತಿಳಿಸಬೇಕಿತ್ತು, ತಿಳಿಸಲಿಲ್ಲ.

ಕಣ್ಣು ತಾನು ಹಚ್ಚಿಕೊಂಡ ಕಾಡಿಗೆಯನ್ನು ಹೇಗೆ ಕಾಣಲಾರದೋ ಹಾಗೆ ಕವಿ ತನ್ನ ದೋಷವನ್ನು ಕಾಣಲಾರ ಎಂಬ ಮಾತು ಕವಿರಾಜಮಾರ್ಗದಲ್ಲಿದೆ, ಒಂಬತ್ತನೆಯ ಶತಮಾನದಲ್ಲಿ. ತಿರುಳ್ಗನ್ನಡದ, ಅಂದರೆ ಅಚ್ಚಗನ್ನಡದ, ನಾಡಿನ ಮೇರೆಗಳಲ್ಲಿ ಒಂದು ಎಂದು ಅದು ಹೆಸರಿಸುವ ಪುಲಿಗೆರೆ ನಿಮ್ಮ ನೆರೆಯ ಲಕ್ಷ್ಮೇಶ್ವರವೇ.

ಹಾಗಂತ ಹೇಳಿದ್ದಕ್ಕೆಲ್ಲ ತಲೆ ಬಾಗಿಸಬೇಡ. ಒಬ್ಬರು ನಿನ್ನ ‘ಗುಡಿ’ಯನ್ನು ‘ದೇವಾಲಯ’ ಮಾಡಿದ್ದಾರೆ, ‘ಎರಿ ಹೊಲ’ ತಪ್ಪು ಕನ್ನಡ ಅಂದಿದ್ದಾರೆ. ಅಲ್ಲಿ ನೀನು ಗಟ್ಟಿಯಾಗಿ ನಿಲ್ಲು. ಅಮೃತೇಶ್ವರ ಗುಡಿಯನ್ನು ನಿಮ್ಮೂರವರು ಗುಡಿ ಎಂದೇ ಕರೆಯುತ್ತಾರೆ, ಕಪ್ಪು ನೆಲವನ್ನು ನಮ್ಮ ಒಕ್ಕಲುತನ ಎರಿ ಎಂದೇ ಬಲ್ಲದು. ಸಿಟ್ಟು ಬೇಡ, ಎರಡು ಸಾಲಿನಲ್ಲಿ ಕಾರಣ ಬರೆ. ‘ಜಗತ್ಪ್ರಸಿದ್ಧ’, ‘ಅದ್ಭುತ’ ಇವನ್ನು ತೆಗೆದದ್ದು ಮಾತ್ರ ಸರಿ. ಚಾಲುಕ್ಯರ ಕಾಲದ ಆ ಕೆತ್ತನೆಯನ್ನು ಕಣ್ಣಿಟ್ಟು ನೋಡಿ ವರ್ಣಿಸು, ಓದಿದವರು ತಾವೇ ಅದ್ಭುತ ಅಂತಾರೆ.

ಅಲ್ಲಿ ನೀನು ಬರೆದದ್ದು ಯಾವುದೂ ಹಾಳಾಗಿಲ್ಲ. ಲೇಖನದ ‘ಇತಿಹಾಸ’ ತೆರೆದರೆ ತೆಗೆದ ಸಾಲುಗಳೆಲ್ಲ ಸಿಗುತ್ತವೆ. ಅವನ್ನು ಒಂದು ಹಾಳೆಗೆ ಇಳಿಸಿ, ಪಕ್ಕದಲ್ಲಿ ಅವರು ಎತ್ತಿದ ಪ್ರಶ್ನೆಯನ್ನು ಬರೆದಿಡು. ಉತ್ತರ ಇವತ್ತು ಬೇಡ, ಎರಡು ರಾತ್ರಿ ಕಳೆಯಲಿ.

ಬರುವ ಭಾನುವಾರ ನಾನು ಗದಗಿಗೆ ಹೋಗುವವನಿದ್ದೇನೆ. ಕುರ್ಕ್ಯಾಲ ಶಾಸನದ ಪಾಠ ಇರುವ ಪುಸ್ತಕ ನನ್ನ ಹತ್ತಿರ ಇದೆ. ದಾರಿಯಲ್ಲಿ ಅಣ್ಣಿಗೇರಿಯಲ್ಲಿ ಇಳಿಯುತ್ತೇನೆ. ನೀನು ಆ ಹಾಳೆ ತೊಗೊಂಡು ಸ್ಟೇಷನ್ನಿಗೆ ಬಾ. ಅಬ್ಬಣಬ್ಬೆಯ ಸಾಲನ್ನು ಇಬ್ಬರೂ ಕೂತು ಬರೆಯೋಣ.

ನಿನ್ನ ಅಣ್ಣ